ಇಲ್ಲಕ್ಕೊಂದು ಕೊಂಬು

ವೆಂಕಟರತ್ನಮ್ಮನಿಗೆ ಕಾದಂಬರಿ ಓದಿ ಹೇಳುವುದು ಸುಲಭದ ಕೆಲಸವೇನಲ್ಲ. ಕೇಳುವವಳು ಸುಮ್ಮನೆ ಕೂತು ಕೇಳಬೇಕಲ್ಲ? ಕತೆಯ ಹೆಂಗಸು ಕಿಟಕಿ ಪಕ್ಕ ನಿಂತು ಎರಡು ಪುಟ ಮೋಡ ನೋಡಿದರೆ ಸಾಕು, "ಒಲೆ ಮೇಲೆ ಏನೂ ಇಟ್ಟಿಲ್ವೇನೇ ಆಯಮ್ಮ? ಸೀದೋಗಲ್ವಾ?" ಎಂದು ಶುರು ಹಚ್ಚುತ್ತಿದ್ದಳು. ಇನ್ನೊಂದು ಕಾದಂಬರಿಯಲ್ಲಿ ಹೆಂಡತಿಯೊಬ್ಬಳು ಗಂಡನ ಜೊತೆ ವರ್ಷವಿಡೀ ಮಾತು ಬಿಟ್ಟಾಗ ಮಾತ್ರ ಹಿಪ್ಪುನೇರಳೆ ಸೊಪ್ಪು ಕತ್ತರಿಸುತ್ತಿದ್ದ ಅವಳ ಕೈ ನಿಂತುಹೋಗಿತ್ತು. "ಇದನ್ನ ಬರ್ದೋಳು ನಮ್ಮನೆ ಹಿತ್ಲಲ್ಲಿ ನಿಂತು ಕೇಳಿಸ್ಕೊಂಡವ್ಳೆ ಕಣೇ" ಎಂದು ಗಂಡ ಚನ್ನರಾಯಪ್ಪನ ಕಡೆ ಒಂದು ನೋಟ ಬಿಟ್ಟಳು. ಅವನು ಹುಳುವಿನ ತಟ್ಟೆ ಎತ್ತಿಕೊಂಡು ಒಳಗೆ ಹೋದ.

ಓದುತ್ತಿದ್ದವಳು ಸೊಸೆ ಚಂದನ. ಆವನಿಯ ಹತ್ತಿರದ ತಮ್ಮ ಊರಿನಿಂದ ಮುಳಬಾಗಿಲಿಗೆ ಹೋಗಿ ಲೈಬ್ರರಿಯಿಂದ ಪುಸ್ತಕ ತರುತ್ತಿದ್ದಳು. ಹೆಂಗಸರು ಬರೆದದ್ದೇ ಆಗಬೇಕು, ಅದೂ ಈಗಿನವರು. ಗಂಡಸರ ಮಾತು ಮನೆಯಲ್ಲೇ ಬೇಕಾದಷ್ಟಿದೆ ಎನ್ನುವುದು ಅತ್ತೆಯ ಕಾನೂನು. ಮಧ್ಯಾಹ್ನ ರೇಷ್ಮೆ ಹುಳುವಿಗೆ ಸೊಪ್ಪು ಹಾಕುವ ಹೊತ್ತಿಗೆ ಓದು ಶುರುವಾಗುತ್ತಿತ್ತು. ವೆಂಕಟರತ್ನಮ್ಮ ಗಡಿಯಾಚೆ ಹುಟ್ಟಿದವಳು, ಐದನೇ ಕ್ಲಾಸಿನ ತನಕ ತೆಲುಗಿನಲ್ಲಿ ಓದಿದವಳು. ಕನ್ನಡದ ಮಾತು ನೀರು ಕುಡಿದಷ್ಟು ಸಲೀಸು, ಬಂದ ಅಕ್ಷರ ಮಾತ್ರ ತೆಲುಗಿನದು.

ಮಾಲೂರಿನ ಲಕ್ಕೂರು ಕಡೆಯ ಚಂದನಳಿಗೆ ತೆಲುಗು ಒಂದು ಚೂರೂ ಬರುತ್ತಿರಲಿಲ್ಲ. ಮದುವೆಯಾಗಿ ಬಂದ ದಿನ ಅತ್ತೆ ಹೊಸಿಲಲ್ಲಿ ನಿಂತು ಅಕ್ಕರೆಯಿಂದ, "ರಾಮ್ಮಾ, ಇದಿ ಮನ ಇಲ್ಲು" ಅಂದಿದ್ದಳು. ಬಾಮ್ಮ, ಇದು ನಮ್ಮ ಮನೆ ಎಂದು. ಹುಡುಗಿ ಬೆಪ್ಪಾಗಿ ಗಂಡನ ಕಿವಿಯಲ್ಲಿ, "ಏನಿಲ್ಲ ಅಂತಾವ್ರೆ?" ಎಂದು ಕೇಳಿದ್ದು ದಿಬ್ಬಣಕ್ಕೆಲ್ಲ ಕೇಳಿಸಿತು. ಜನ ಬಿದ್ದು ಬಿದ್ದು ನಕ್ಕರು. ಆಮೇಲೆ ಅದೇ ಅವರಿಬ್ಬರ ಗುಟ್ಟಿನ ಮಾತಾಯಿತು. ಪೇಟೆಗೆ ಹೋದ ಸೊಸೆಗೆ ಅತ್ತೆ ಫೋನ್ ಮಾಡಿ "ಎಲ್ಲಿದ್ದೀಯೇ?" ಎಂದರೆ, ಅವಳು "ಇಲ್ಲು" ಎನ್ನುವಳು. ಮನೆ ದಾರಿ ಹಿಡಿದಿದ್ದೇನೆ ಎಂದು ಅರ್ಥ. ಅತ್ತೆ ಎದ್ದು ಕಾಫಿಗೆ ನೀರಿಡುವಳು.

ಮಗ ಅಮರನಾಥ್ ಇದೆಲ್ಲಕ್ಕೆ ಮಣ್ಣು ಹಾಕಿದ. ವೇಮಗಲ್ ಫ್ಯಾಕ್ಟರಿಗೆ ಸೇರಿದವನು ಅಲ್ಲೇ ಇನ್ನೊಬ್ಬಳ ಜೊತೆ ಸಂಸಾರ ಹೂಡಿದ. ವೆಂಕಟರತ್ನಮ್ಮ ಮಗನನ್ನು ಮನೆಗೆ ಸೇರಿಸಲಿಲ್ಲ, ಸೊಸೆಯನ್ನು ಕಳಿಸಲಿಲ್ಲ. ಮಗನೇ ಇಲ್ಲದ ಮೇಲೆ ಸೊಸೆ ಯಾಕೆ ಎಂದು ಯಾರೋ ಕೇಳಿದ್ದಕ್ಕೆ, "ಓದಿ ಹೇಳೋಕೆ" ಎಂದು ಬಾಯಿ ಮುಚ್ಚಿಸಿದಳು. ಆದರೆ ಕೋರ್ಟಿನಲ್ಲಿ ವಿಚ್ಛೇದನ ಆದ ಮೇಲೆ ಚಂದನಳ ಅಪ್ಪ ಗಾಡಿ ಮಾಡಿಕೊಂಡು ಬಂದ. ತಡೆಯಲು ಇವಳಿಗೆ ಯಾವ ಬಾಯಿ?

ಅವಳು ಹೊರಡುವ ಹಿಂದಿನ ದಿನ ಓದುತ್ತಿದ್ದದ್ದು ಸುಗುಣ ಎಂಬವಳ ಕತೆ. ಗಂಡನ ಮನೆ ಬಿಟ್ಟು ಬೇರೆ ಊರಲ್ಲಿ ಬಟ್ಟೆ ಹೊಲಿದು ಬದುಕುವವಳು. ಅತ್ತೆ ಮಾತ್ರ ಬಿಡದೆ ಫೋನ್ ಮಾಡುತ್ತಾಳೆ. "ಮಾನ ಮರ್ವಾದೆ ಇಲ್ವಾ ಆ ಮುದುಕಿಗೆ? ಹೋದೋಳ್ನ ಎಷ್ಟು ಸಲ ಕರೀತಾಳೆ?" ಎಂದು ವೆಂಕಟರತ್ನಮ್ಮ ಬೈದಿದ್ದಳು. ಕೊನೆಗೆ ಆ ಅತ್ತೆ "ಬರ್ತೀಯಾ?" ಎಂದು ಕೇಳಿದಳು. ಚಂದನ ಹಾಳೆ ತಿರುಗಿಸಿದಳು, ಒಂದು ಗಳಿಗೆ ನೋಡಿದಳು, ಪುಸ್ತಕ ಮುಚ್ಚಿದಳು. "ಇವತ್ತಿಗೆ ಸಾಕು ಅತ್ತೆ."

ಸೊಸೆ ಹೋದಳು, ಪುಸ್ತಕ ಗೋಡೆಯ ಗೂಡಿನಲ್ಲೇ ಉಳಿಯಿತು. ಮಧ್ಯಾಹ್ನಗಳು ಹಾಳು ಸುರಿಯತೊಡಗಿದವು. ಸೊಪ್ಪು ಕತ್ತರಿಸುವಾಗ ವೆಂಕಟರತ್ನಮ್ಮ ಬೈಯಲು ಯಾರೂ ಸಿಗದೆ ಹುಳುಗಳನ್ನೇ ಬೈದಳು. ಆ ಹುಡುಗಿಯ ದನಿ ಬೇಕಿತ್ತು ಅವಳಿಗೆ. ಕತೆ ಆಮೇಲಿನ ಮಾತು.

ಲೈಬ್ರರಿಗೆ ವಾಪಸ್ ಕೊಡಬೇಕು ಎಂದು ಚನ್ನರಾಯಪ್ಪ ಪುಸ್ತಕ ಕೇಳಿದ ದಿನ, ತಡಿ ಎಂದು ಅದನ್ನು ಬೆಳಕಿಗೆ ಹಿಡಿದಳು. ಕನ್ನಡ ಅಕ್ಷರ, ತೆಲುಗು ಅಕ್ಷರ ಒಂದೇ ಮನೆಯ ಅಕ್ಕತಂಗಿಯರು. ತಲೆಕಟ್ಟು ಬೇರೆ, ಮೂಗು ಅದೇ. ಬೆರಳಿಟ್ಟು ತಡವರಿಸುತ್ತ ಕೊನೆಯ ಹಾಳೆಗೆ ಬಂದಳು. ಅಲ್ಲಿ ಇದ್ದದ್ದು ಒಂದೇ ಮಾತು, ಅದೂ ಅವಳಿಗೆ ಕಷ್ಟವಿಲ್ಲದ ಅಕ್ಷರ.

ಇಲ್ಲ.

ಹುಡುಗಿ ಪುಸ್ತಕ ಯಾಕೆ ಮುಚ್ಚಿದಳೆಂದು ಆಗ ಗೊತ್ತಾಯಿತು. ಮಾನ ಮರ್ಯಾದೆ ಬದಿಗಿಟ್ಟು ಫೋನ್ ಮಾಡಿದಳು.

"ಕತೆ ಓದ್ದೆ ಕಣೇ, ನಾನೇ. ಸುಗುಣ ಇಲ್ಲು ಅಂದ್ಲು."

ಚಂದನ ಮೆಲ್ಲಗೆ, "ಅದು ಇಲ್ಲು ಅಲ್ಲ ಅತ್ತೆ" ಅಂದಳು.

"ಗೊತ್ತು ಬಿಡು. ನೀನು ಒಂದ್ಸಲ ಬಂದು ಹೋಗಮ್ಮ."

"ಏನಾಗಿ ಬರ್ಲಿ ಹೇಳಿ. ಈಗ ನಾನು ನಿಮ್ಮ ಸೊಸೆ ಅಲ್ವಲ್ಲ."

"ಓದೋಳಾಗಿ ಬಾ."

ಅವಳು ಅಳುತ್ತಿದ್ದಾಳೆಂದು ಉಸಿರಿನಲ್ಲೇ ತಿಳಿಯಿತು. "ಆ ಮನೆಗೆ ಬಂದ್ರೆ ವಾಪಸ್ ಹೋಗೋಕಾಗಲ್ಲ ನಂಗೆ. ಬರಲ್ಲ ಅತ್ತೆ. ಇಲ್ಲ."

"ಆಗ್ಲಿ ಕಣೇ. ಹೊತ್ತೊತ್ತಿಗೆ ಉಣ್ಣು" ಎಂದು ವೆಂಕಟರತ್ನಮ್ಮ ಫೋನಿಟ್ಟಳು.

ರೇಷ್ಮೆಗೂಡಿನ ಚೀಲಗಳ ಮೇಲೆ ಗುರುತು ಹಾಕುವ ಪೆನ್ಸಿಲ್ ಹುಡುಕಿ ತಂದಳು. ಕೊನೆಯ ಹಾಳೆ ತೆರೆದು ಆ ಮಾತಿನ ಬಲಗಡೆ ಒಂದು ಕೊಂಬು ಎಳೆದಳು. ಕನ್ನಡದ ಕೊಂಬು, ತೆಲುಗಿನ ಕೊಮ್ಮು ಎರಡೂ ಒಂದೇ ಥರ. ಬಾಲ ಸ್ವಲ್ಪ ಉದ್ದವಾಯಿತು.

ಚನ್ನರಾಯಪ್ಪ ಗಾಡಿ ಸ್ಟಾರ್ಟ್ ಮಾಡಿಕೊಂಡು ಕೈ ಚಾಚಿದ. ಎಂದೂ ಕತೆ ಕೇಳದ ಮನುಷ್ಯ ಅವತ್ತು ಅವಳ ಮುಖ ನೋಡಿ ಕೇಳಿದ, "ಆಯಮ್ಮ ಬಂದ್ಲಾ ಕೊನೆಗೆ?"

ವೆಂಕಟರತ್ನಮ್ಮ ಪುಸ್ತಕವನ್ನು ಸೆರಗಿನಿಂದ ಒರೆಸಿ ಅವನ ಕೈಗಿಟ್ಟಳು.

"ಈ ಒಂದು ಪುಸ್ತಕದಲ್ಲಿ ಬಂದ್ಲು" ಅಂದಳು.