ತೊಂಬತ್ತೊಂಬತ್ತಕ್ಕೆ ನಿಂತ ಪ್ರಿಂಟರು

ಸಂಹಿತಾಳ ಮದುವೆಗೆ ನಾಲ್ಕೇ ದಿನ ಉಳಿದಿತ್ತು. ಗಂಡಿನ ಕಡೆಯವರ ಕಾಲೆಳೆಯುವ ಬೀಗರ ಹಾಡುಗಳನ್ನು ಕಲಿಸುತ್ತೇನೆಂದು ಅಜ್ಜಿ ಸೀತಮ್ಮ ಎಂಟು ಹೆಂಗಸರನ್ನು ಜಯನಗರದ ಮನೆಗೆ ಸಂಜೆ ನಾಲ್ಕಕ್ಕೆ ಕರೆದಿದ್ದರು. ಹಾಡುಗಳಿದ್ದದ್ದು ಅವರು ಹದಿನೆಂಟರ ವಯಸ್ಸಿನಲ್ಲಿ ಬರೆದಿಟ್ಟ ಒಂದೇ ನೋಟುಬುಕ್ಕಿನಲ್ಲಿ. ಹಿಂದೊಮ್ಮೆ ಯಾರೋ ಒಯ್ದು ಮೂರು ವರ್ಷ ಇಟ್ಟುಕೊಂಡ ಮೇಲೆ ಅದು ಹೊಸ್ತಿಲು ದಾಟುವಂತಿರಲಿಲ್ಲ, ಜೆರಾಕ್ಸ್ ಅಂಗಡಿಗೂ ಇಲ್ಲ.

ಹಾಗಾಗಿ ಸೊಸೆ, ಸಂಹಿತಾಳ ತಾಯಿ ರಾಜಶ್ರೀ, ಸ್ಕ್ಯಾನರ್ ಇರುವ ಪ್ರಿಂಟರನ್ನೇ ಮನೆಗೆ ತರಿಸಿದಳು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು ಅವಳು. ಕಾಪಿ ಗುಂಡಿ ಒತ್ತಿದರೆ ಮಾಸಿದ ಶಾಯಿ ಕಾಗದದ ಮೇಲೆ ಮೂಡಲೇ ಇಲ್ಲ. ಕಂಪ್ಯೂಟರಿಗೆ ತೆಗೆದುಕೊಂಡು ಅಕ್ಷರ ಗಾಢ ಮಾಡಬೇಕಿತ್ತು. ಅದಕ್ಕೆ ಕಂಪನಿಯ ಸಾಫ್ಟ್‌ವೇರ್ ಹಾಕಲು ಬೆಳಿಗ್ಗೆ ಹತ್ತಕ್ಕೆ ಕೂತಳು.

ಅದು ಮೊದಲು ಇಮೇಲ್ ಕೇಳಿತು. ಆಮೇಲೆ ಹುಟ್ಟಿದ ದಿನ. ಆಮೇಲೆ ಫೋಟೋ ಆಲ್ಬಮ್ ಮಾಡುವ ಒಂದು, ಶುಭಾಶಯ ಪತ್ರ ಮಾಡುವ ಇನ್ನೊಂದು, ಶಾಯಿ ಮುಗಿಯುವ ಮುಂಚೆ ನೆನಪಿಸುವ ಮತ್ತೊಂದು, ಹೀಗೆ ತನ್ನ ಬಂಧುಬಳಗವನ್ನೆಲ್ಲ ಒಳಗೆ ಕರೆದುಕೊಂಡಿತು.

"ನನ್ನ ಹಾಡಿಗೂ ನೀನು ಹುಟ್ಟಿದ ದಿನಕ್ಕೂ ಏನೇ ಸಂಬಂಧ?" ಎಂದರು ಸೀತಮ್ಮ.

"ಗೊತ್ತಿಲ್ಲ ಅತ್ತೆ. ಜಾತಕ ಒಂದು ಕೇಳಿಲ್ಲ ಇನ್ನೂ."

ಮಧ್ಯಾಹ್ನದ ಹೊತ್ತಿಗೆ ತೊಂಬತ್ತೊಂಬತ್ತು ಪರ್ಸೆಂಟ್ ಆಗಿ ನಿಂತಿತು. ಊಟ ಮುಗಿಸಿ ಬಂದರೂ ತೊಂಬತ್ತೊಂಬತ್ತೇ. ರಾಜಶ್ರೀಗೆ ಅಳು ಬರುವಂತಾಯಿತು. ಎರಡೂವರೆಗೆ, ಸಂಕೋಚ ಬಿಟ್ಟು, ಹತ್ತಿರದ ಶಾಪಿಂಗ್ ಕಾಂಪ್ಲೆಕ್ಸ್‌ನ ಜೆರಾಕ್ಸ್ ಅಂಗಡಿಯ ರವಿಕುಮಾರನಿಗೆ ಫೋನ್ ಮಾಡಿದಳು.

ಅವನು ನಕ್ಕುಬಿಟ್ಟ. "ಮೇಡಂ, ಆ ಕಸ ಎಲ್ಲಾ ಕಿತ್ತಾಕಿ. ವೈರ್ ಚುಚ್ಚಿ, ಸಾಕು. ಕಂಪ್ಯೂಟರಲ್ಲೇ ಸ್ಕ್ಯಾನ್ ಅಂತ ಒಂದಿರುತ್ತೆ, ನೋಡಿ."

ಒಂದೊಂದಾಗಿ ಅಳಿಸಿದಳು. ವೈರ್ ಚುಚ್ಚಿದಳು. ಸ್ಕ್ಯಾನ್ ಎಂಬುದು ನಿಜಕ್ಕೂ ಅಲ್ಲೇ ಇತ್ತು! ಗಾಜಿನ ಕೆಳಗೆ ಬೆಳಕು ಸರಿದು, ಅರವತ್ತು ವರ್ಷದ ಹಿಂದಿನ ದುಂಡು ಅಕ್ಷರಗಳು ಪರದೆಯ ಮೇಲೆ ಕಪ್ಪಗೆ ಎದ್ದು ನಿಂತವು.

"ಅಯ್ಯೋ, ಎಷ್ಟು ಮುದ್ದಾಗಿ ಬರೀತಿದ್ದೆ ನಾನು!" ಎಂದು ಸೀತಮ್ಮ ಪಕ್ಕದಲ್ಲೇ ಕೂತು, ಪುಟ ತಿರುವುತ್ತಾ ಹಾಡತೊಡಗಿದರು.

ನಾಲ್ಕಕ್ಕೆ ಎಲ್ಲರ ಕೈಯಲ್ಲೂ ಹಾಳೆಗಳಿದ್ದವು. "ಬೀಗರು ಬಂದರು, ಬೀಗುತ ಬಂದರು, ಕಾಫಿಗೆ ಸಕ್ಕರೆ ಸಾಲದು ಎಂದರು" ಎಂದು ಮನೆ ಹಾರಿಹೋಗುವಂತೆ ಹಾಡುತ್ತಿದ್ದಾಗ ಬಾಗಿಲಲ್ಲಿ ಯಾರೋ ನಿಂತಂತಾಯಿತು. ಜೆ.ಪಿ. ನಗರದ ಸರಸ್ವತಿ! ಗಂಡಿನ ತಾಯಿ. ಮದುಮಗಳ ರವಿಕೆ ಅಳತೆಗೆಂದು, ಮುಂಚೆ ತಿಳಿಸದೆ ಬಂದಿದ್ದರು. ಹಾಡು ಗಕ್ಕನೆ ನಿಂತಿತು. ರಾಜಶ್ರೀ ಕೈಯಲ್ಲಿದ್ದ ಹಾಳೆಯನ್ನು ಬೆನ್ನ ಹಿಂದೆ ಅಡಗಿಸಿದಳು.

ಸರಸ್ವತಿ ಒಂದು ಹಾಳೆ ತೆಗೆದುಕೊಂಡು ಪೂರ್ತಿ ಓದಿದರು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಅದೇ ಧಾಟಿಯಲ್ಲಿ ಶುರು ಮಾಡಿದರು:

"ಕಾಫಿಯ ಕೊಟ್ಟರು, ನೀರನೆ ಕೊಟ್ಟರು, ಲೋಟದ ತಳದಲಿ ಮುಖವನೆ ಕಂಡೆವು!"

ಸೀತಮ್ಮ ನಕ್ಕು ನಕ್ಕು ಕಣ್ಣೊರೆಸಿಕೊಂಡರು. "ಬನ್ನಿ ಬೀಗಿತ್ತಿ, ಹೀಗೆ ಕೂತ್ಕೊಳ್ಳಿ" ಎಂದು ಚಾಪೆಯ ಮೇಲೆ ಜಾಗ ಮಾಡಿಕೊಟ್ಟರು.