ಕಿಟಕಿ ಪಕ್ಕದ ಮೇಜು

"ಶೆಫ್, ಕಿಟಕಿ ಪಕ್ಕದ ಮೇಜಲ್ಲಿ ಊಟ ಇಟ್ಟ ಹಾಗೇ ಇದೆ," ಎಂದು ಊಟ ಬಡಿಸುವ ಗೋವಾದ ಹುಡುಗ ಎಲ್ವಿನೊ ಬಂದು ಹೇಳಿದಾಗ ಮಾತಬರ್ ಸಿಂಗನ ಬಲಗೈ ಮೊಣಕೈವರೆಗೂ ತಂದೂರಿನ ಒಳಗಿತ್ತು. ಹಿಟ್ಟನ್ನು ಒಳಗೋಡೆಗೆ ಬಡಿದು ಕೈ ಹೊರಗೆಳೆದುಕೊಂಡ. ಹಡಗಿನಲ್ಲಿ ಬೆಂಕಿ ಉರಿಸುವಂತಿಲ್ಲವಾದ್ದರಿಂದ ಈ ತಂದೂರಿಗೂ ಕರೆಂಟೇ ಗತಿ. ಆದರೂ ಕೈಮೇಲಿನ ಕೂದಲು ಸುಡುವಷ್ಟು ಬಿಸಿ ಅದಕ್ಕಿತ್ತು. ಕೂದಲೇ ಉಳಿದಿಲ್ಲದ ಅವನ ಕೈಯನ್ನು ಅದು ಹೊಸದಾಗಿ ಸುಡಬೇಕಾಗಿರಲಿಲ್ಲ, ಅಷ್ಟೆ.

"ಬೇರೆ ಬಿಸಿದು ಕೊಡು," ಎಂದ.

"ಎರಡು ಸಲ ಬದಲಾಯಿಸ್ದೆ ಶೆಫ್. ಆಂಟಿ ಕೈನ ಮಡಿಲಲ್ಲಿ ಇಟ್ಕೊಂಡು ಕೂತುಬಿಟ್ಟಿದ್ದಾರೆ."

ಆಂಟಿ ಎಂದರೆ ಸತೇಶ್ವರಿ, ಮಾತಬರ್ ಸಿಂಗನ ಹೆಂಡತಿ. ಉತ್ತರಾಖಂಡದ ಘನಸಾಲಿಯ ಮೇಲಿನ ಗುಡ್ಡದ ಹಳ್ಳಿಯಿಂದ ಜೀಪು, ಬಸ್ಸು, ಎರಡು ವಿಮಾನ ಎಲ್ಲವನ್ನೂ ಹತ್ತಿ ಇಳಿದು ಅವತ್ತು ಮಧ್ಯಾಹ್ನ ಮಯಾಮಿ ಬಂದರಿನಲ್ಲಿ ಹಡಗೇರಿದ್ದಳು. ನೌಕರರ ಮನೆಯವರನ್ನು ಒಂದು ಪ್ರಯಾಣಕ್ಕೆ ಕರೆತರಲು ಕಂಪನಿ ಬಿಡುತ್ತಿತ್ತು. ಮಾತಬರ್ ಸಿಂಗ್ ಆ ಸವಲತ್ತನ್ನು ಇಷ್ಟು ವರ್ಷ ಹಾಗೇ ಬಿಟ್ಟಿದ್ದ. ಕರೆದರೆ ಅವಳಾದರೂ ಬರಬೇಕಲ್ಲ, ಎಮ್ಮೆಯನ್ನು ಯಾರಿಗೆ ಒಪ್ಪಿಸುವುದು? ಈ ಸಲ ತಂಗಿಯ ಮನೆಯ ಕೊಟ್ಟಿಗೆಯಲ್ಲಿ ಕಟ್ಟಿ ಬಂದಿದ್ದಳು. ಹಡಗು ಹತ್ತಿದ ಮೇಲೂ ಮೊದಲು ಕೇಳಿದ್ದು ಊರಿಗೆ ಫೋನು ಹೋಗುತ್ತದೋ ಇಲ್ಲವೋ ಎಂದು. ಆ ಎಮ್ಮೆ ಬೇರೆಯವರಿಗೆ ಹಾಲು ಬಿಡುವುದಿಲ್ಲವಂತೆ.

ಆಮೇಲೆ ಕಂಬಿ ಹಿಡಿದು ಬಹಳ ಹೊತ್ತು ಸಮುದ್ರ ನೋಡಿದ್ದಳು. ಹೇಗಿದೆ ಎಂದು ಇವನು ಹಿಗ್ಗಿನಿಂದ ಕೇಳಿದರೆ, "ಟಿಹರಿ ಕೆರೆ ಥರಾನೇ ಇದೆ. ಇದರ ಕೆಳಗೆ ಯಾರ ಊರಿದೆಯೋ ಏನೋ," ಎಂದಿದ್ದಳು. ಅವಳ ತವರು ಆ ಅಣೆಕಟ್ಟಿನ ನೀರಿನಲ್ಲಿ ಮುಳುಗಿಹೋಗಿತ್ತು. ದೊಡ್ಡ ನೀರು ಎಲ್ಲಿ ಕಂಡರೂ ಅವಳಿಗೆ ಮೊದಲು ನೆನಪಾಗುವುದು ಅದೇ.

ಸತೇಶ್ವರಿ ಗಂಡನ ಅಡುಗೆಯನ್ನು ಇದುವರೆಗೆ ಒಂದು ತುತ್ತೂ ತಿಂದಿರಲಿಲ್ಲ. ಹೇಳಿದರೆ ಯಾರೂ ನಂಬುವುದಿಲ್ಲ, ಆದರೂ ನಿಜ. ದೆಹಲಿಯ ಹೋಟೆಲು, ದುಬೈ, ಆಮೇಲೆ ಹಡಗುಗಳು ಎಂದು ಅವನ ಆಯುಷ್ಯವೆಲ್ಲ ಕಂಡವರಿಗೆ ಬೇಯಿಸಿ ಹಾಕುವುದರಲ್ಲೇ ಕಳೆದಿತ್ತು. ವರ್ಷಕ್ಕೊಮ್ಮೆ ನೆಂಟನ ಹಾಗೆ ಮನೆಗೆ ಹೋದಾಗ ಅವಳು ಒಲೆಯ ಹತ್ತಿರವೂ ಬಿಟ್ಟುಕೊಳ್ಳುತ್ತಿರಲಿಲ್ಲ. ಇಲ್ಲಿಯಾದರೂ ಕೂತು ತಿನ್ನಿ ಎನ್ನುತ್ತಿದ್ದಳು. ಗಂಡಸು ಒಲೆ ಊದುವುದನ್ನು ಕಂಡರೆ ನಾದಿನಿಯರು ನಗುತ್ತಾರೆ ಎನ್ನುವುದೂ ಇತ್ತು.

ಅದಕ್ಕೇ ಅವನು ಈ ರಾತ್ರಿಯನ್ನು ಆರಿಸಿಕೊಂಡಿದ್ದ. ಹಡಗಿನ ಮೇಲಂತಸ್ತಿನಲ್ಲಿ ಕಂಪನಿ ಹೊಸದಾಗಿ ಭಾರತೀಯ ಹೋಟೆಲು ತೆರೆದಿತ್ತು. ಅದಕ್ಕೆ 'ಕೇಸರ್' ಎಂದು ಹೆಸರು. ಸಂಜೆ ಕ್ಯಾಪ್ಟನ್ ಬಂದು ರಿಬ್ಬನ್ ಕತ್ತರಿಸಿದ್ದ. ಬಾಗಿಲಿಗೆ ಬಟ್ಟೆಯ ಚೆಂಡುಹೂವು ಕಟ್ಟಿದ್ದರು. ಊಟದ ಪಟ್ಟಿಯನ್ನು ಲಂಡನ್ನಿನ ಯಾರೋ ಬಂದು ಸಿದ್ಧಪಡಿಸಿದ್ದರೂ ಅಡುಗೆಮನೆಗೆ ಮಾತಬರ್ ಸಿಂಗನೇ ಮುಖ್ಯಸ್ಥ. ಹಟ ಹಿಡಿದು ತನ್ನ ಕಡೆಯ ಎರಡು ಅಡುಗೆಗಳನ್ನು ಪಟ್ಟಿಗೆ ಸೇರಿಸಿದ್ದ: ಹುರುಳಿ ನೆನೆಸಿ ರುಬ್ಬಿ ಮಾಡುವ ಫಾಣು, ಊದಲಕ್ಕಿಯ ಖೀರು. ಇಷ್ಟು ದಿನ ನೀರಿನ ಮಟ್ಟಕ್ಕಿಂತ ಕೆಳಗೆ, ಹಗಲು ರಾತ್ರಿ ತಿಳಿಯದ ಅಡುಗೆಮನೆಗಳಲ್ಲಿ ಬೆವರು ಸುರಿಸಿದವನು ಅವನು. ಈ ಅಡುಗೆಮನೆಗೆ ದೊಡ್ಡ ಗಾಜು ಹಾಕಿದ್ದರು. ಜನ ಊಟ ಮಾಡುತ್ತ ಅವನು ರೊಟ್ಟಿ ಬಡಿಯುವುದನ್ನು ನೋಡಬಹುದಿತ್ತು.

ಇಕ್ಕಟ್ಟೂ ಅಲ್ಲೇ ಇತ್ತು. ಇದೇ ಕೊನೆಯ ಕರಾರು, ಮುಗಿಸಿ ಮನೆಗೆ ಬಂದುಬಿಡುತ್ತೇನೆ ಎಂದು ಹೋದ ಸಲ ಹೊರಡುವಾಗ ಅವಳಿಗೆ ಮಾತು ಕೊಟ್ಟಿದ್ದ. ಕಂಪನಿಯವರು ಈಗ ಇನ್ನೂ ಎರಡು ವರ್ಷ ಇರು, ಈ ಹೋಟೆಲು ನಿನ್ನದೇ ಎನ್ನುತ್ತಿದ್ದರು. ಅವನಿಗೆ ಆಸೆ ಹುಟ್ಟಿತ್ತು. ಎಷ್ಟು ಆಸೆಯೆಂದರೆ ಫೋನಿನಲ್ಲಿ ಹೇಳಲು ಹೆದರಿಕೆಯಾಗುವಷ್ಟು. ಅವಳು ಬರಲಿ, ಈ ದೀಪ ಈ ಮೇಜು ನೋಡಲಿ, ತನ್ನ ಕೈಯಡುಗೆ ಉಣ್ಣಲಿ, ಖೀರು ತಿಂದು ಮುಗಿಸಿದ ಹೊತ್ತಿಗೆ ಹೋಗಿ ಕೇಳಿದರೆ ಹೂಂ ಎಂದಾಳು ಎಂದು ಲೆಕ್ಕ ಹಾಕಿದ್ದ. ಕೇಳುವ ಮಾತನ್ನು ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು ಹೇಳಿಯೂ ನೋಡಿಕೊಂಡಿದ್ದ.

ಈಗ ನೋಡಿದರೆ ಅವಳು ಊಟವನ್ನೇ ಮುಟ್ಟಿಲ್ಲ.

ಕೈ ಒರೆಸಿಕೊಂಡು ಗಾಜಿನಾಚೆ ನೋಡಿದ. ಹಸಿರು ರೇಷ್ಮೆ ಸೀರೆ ಉಟ್ಟು, ಮೂಗಿಗೆ ದೊಡ್ಡ ನತ್ತು ಇಟ್ಟು, ಮದುವೆಮನೆಗೆ ಬಂದವಳ ಹಾಗೆ ಕೂತಿದ್ದಳು. ಮುಂದೆ ಬೆಳ್ಳಗಿನ ತಟ್ಟೆ, ಹುರುಳಿಯ ಬಟ್ಟಲು, ಅನ್ನ, ತಂದೂರಿನ ರೊಟ್ಟಿ. ಎಲ್ವಿನೊ ಹೇಳಿದ್ದು ಅರ್ಧ ಮಾತ್ರ. ಅವಳೊಬ್ಬಳೇ ಅಲ್ಲ, ಸುತ್ತಲಿನ ಮೇಜುಗಳಲ್ಲೂ ಯಾರೂ ಊಟಕ್ಕೆ ಕೈ ಹಚ್ಚಿರಲಿಲ್ಲ. ಹೆಚ್ಚಿನವರಿಗೆ ಈ ಊಟ ಹೊಸದು. ಫ್ಲೋರಿಡಾದ ಅಜ್ಜ ಅಜ್ಜಿಯರು ಚಮಚ ಹಿಡಿಯಬೇಕೋ ಕೈಯಲ್ಲಿ ತಿನ್ನಬೇಕೋ ತಿಳಿಯದೆ ಕೋಣೆಯಲ್ಲಿದ್ದ ಒಬ್ಬಳೇ ಸೀರೆಯ ಹೆಂಗಸನ್ನು ನೋಡಿಕೊಂಡು ಕೂತಿದ್ದರು. ಅವಳು ಶುರು ಮಾಡಿದರೆ ಇವರೂ ಮಾಡುವುದು. ಹೂವಿನ ಅಂಗಿ ತೊಟ್ಟ ದಪ್ಪನೆಯ ಮನುಷ್ಯನೊಬ್ಬ ರೊಟ್ಟಿಯನ್ನು ಎರಡು ಕೈಯಲ್ಲೂ ಹಿಡಿದು, ಬಾಯಿಗೂ ಹಾಕದೆ ಕೆಳಗೂ ಇಡದೆ ಕಾಯುತ್ತಿದ್ದ. ಅವನ ಹೆಂಡತಿ ಪಿಸುಗುಟ್ಟುತ್ತಿದ್ದಳು. ಭಾರತದ ಹೆಂಗಸೇ ಮುಟ್ಟುತ್ತಿಲ್ಲವೆಂದರೆ ಊಟದಲ್ಲಿ ಏನೋ ಎಡವಟ್ಟಿರಬೇಕು ಎಂದು ಅವಳ ಮುಖವೇ ಹೇಳುತ್ತಿತ್ತು.

ಮಾತಬರ್ ಸಿಂಗನಿಗೆ ಎದೆ ಧಸಕ್ಕೆಂದಿತು. ಆಮೇಲೆ ಕಾರಣ ಹೊಳೆದು ನಗುವೂ ಬಂತು. ಅಷ್ಟರಲ್ಲಿ ಹಡಗಿನ ಊಟ ವಸತಿಗೆಲ್ಲ ಯಜಮಾನನಾದ ಗ್ರೀಕ್ ಅಧಿಕಾರಿ ಕಲೋಗೆರಾಸ್ ಒಳಗೆ ಬಂದು, ಏನಾಗಿದೆ, ನಿನ್ನ ಮನೆಯವರಿಗೆ ಊಟ ಸೇರಲಿಲ್ಲವೇ ಎಂದು ಕೇಳಿದ.

"ಹಾಗಲ್ಲ ಸರ್. ನಮ್ಮ ಕಡೆ ಹೆಂಗಸರು ಗಂಡ ಉಣ್ಣೋಕೆ ಮುಂಚೆ ಉಣ್ಣಲ್ಲ," ಎಂದ ಮಾತಬರ್ ಸಿಂಗ್. ಹೇಳುವಾಗ ಸ್ವಲ್ಪ ನಾಚಿಕೆಯಾಯಿತು, ಸ್ವಲ್ಪ ಹೆಮ್ಮೆಯೂ ಆಯಿತು. ಪಾತ್ರೆ ತೊಳೆಯುವವರ ಕಡೆಯಿಂದ ಯಾರೋ ಸೀಟಿ ಹೊಡೆದರು. ನಾನು ಹೇಳಿದ್ದೇನೆ, ಉಣ್ಣು ಎಂದು ಮಾತಬರ್ ಸಿಂಗ್ ಎಲ್ವಿನೊ ಕೈಯಲ್ಲಿ ಅವಳಿಗೆ ಹೇಳಿ ಕಳಿಸಿದ. ಎಲ್ವಿನೊ ಹೋದ ದಾರಿಯಲ್ಲೇ ವಾಪಸು ಬಂದ. ಆಂಟಿ ಆಯ್ತು ಎಂದರಂತೆ, ಕೈಯನ್ನು ಮಾತ್ರ ಮಡಿಲಿನಿಂದ ತೆಗೆಯಲಿಲ್ಲವಂತೆ.

ಅಡುಗೆಯವರು ಅತಿಥಿಗಳ ಜೊತೆ ಕೂತು ಉಣ್ಣುವ ಹಾಗಿಲ್ಲ. ಎಲ್ಲ ಹಡಗುಗಳಲ್ಲೂ ಅದೇ ಕಟ್ಟಳೆ. ಕಲೋಗೆರಾಸ್ ಗಾಜಿನಾಚೆ ನೋಡಿದ, ಹೂವಿನ ಅಂಗಿಯವನನ್ನೂ ಅವನ ಕೈಯಲ್ಲಿ ಆರಿಹೋಗುತ್ತಿದ್ದ ರೊಟ್ಟಿಯನ್ನೂ ನೋಡಿದ. ಮೊದಲ ರಾತ್ರಿಯೇ ಹೀಗಾದರೆ ನಾಳೆ ಯಾರು ಬರುತ್ತಾರೆ?

"ಹೋಗು. ಟೋಪಿ, ಏಪ್ರನ್ ಎರಡೂ ಇಲ್ಲೇ ಬಿಡು," ಎಂದ. "ಬೇಗ ಬಾ."

ಮಾತಬರ್ ಸಿಂಗ್ ಬಾಗಿಲು ದಾಟಿ ಹೊರಗೆ ಬಂದ. ನೆಲಹಾಸು ಮೆತ್ತಗಿತ್ತು, ದೀಪ ಮಂದವಾಗಿತ್ತು. ಇಷ್ಟು ಜನರ ನಡುವೆ ಬರಿ ತಲೆಯಲ್ಲಿ ನಡೆಯುವುದು ಅವನಿಗೆ ಅಭ್ಯಾಸವಿರಲಿಲ್ಲ. ಮೇಜಿನ ಹತ್ತಿರ ಬಂದು ಬಗ್ಗಿ, ಎಂದಿನಂತೆ ಮಗಳ ಹೆಸರು ಹಿಡಿದು ಕರೆದು, ನಗುತ್ತಲೇ ಗದರಿದ.

"ಏನಿದು ಉರ್ಮಿಯ ಅಮ್ಮ? ಊರಿನ ಪದ್ಧತೀನೆಲ್ಲ ಗಂಟು ಕಟ್ಟಿ ಇಲ್ಲಿಗೂ ತರ್ತಾರಾ? ಎಲ್ಲರೂ ನಿನ್ನೇ ನೋಡ್ತಿದ್ದಾರೆ. ತಿನ್ನು."

ಅವಳು ತಲೆಯೆತ್ತಲಿಲ್ಲ. ಮೇಜಿನ ಬಟ್ಟೆಯ ಸುಕ್ಕನ್ನು ಬೆರಳಿನಿಂದ ತೀಡುತ್ತ ಕೇಳಿದಳು.

"ಇನ್ನೆರಡು ವರ್ಷವಂತೆ?"

ಅವನ ನಗು ಅಲ್ಲೇ ನಿಂತಿತು.

"ಯಾರು ಹೇಳಿದ್ರು?"

"ಆ ಗೋವಾದ ಹುಡುಗ. ಕೈ ಕುಲುಕಿ, ಖುಷಿಯಾಯ್ತು ಆಂಟಿ, ಶೆಫ್ ಎಲ್ಲೂ ಹೋಗಲ್ಲ ಅಂದ. ನೀರು ಕೊಡೋಕೆ ಬಂದವಳೂ ಅದೇ ಹೇಳಿದ್ಲು. ರೂಮು ತೋರಿಸ್ದವನೂ ಹೇಳಿದ." ಅವಳ ದನಿಯಲ್ಲಿ ಜಗಳವಿರಲಿಲ್ಲ. "ಹಡಗಿಗೆಲ್ಲ ಗೊತ್ತು. ನಂಗೇ ಗೊತ್ತಿರಲಿಲ್ಲ."

ನೌಕರರ ಊಟದ ಮನೆಯಲ್ಲಿ ಒಬ್ಬರ ಕಿವಿಗೆ ಬಿದ್ದದ್ದು ಹಡಗಿಡೀ ಸುತ್ತಿಬಿಡುತ್ತದೆ. ಅದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಹಿಗ್ಗಿನಲ್ಲಿ ಎಲ್ಲರಿಗೂ ತಾನೇ ಹೇಳಿಕೊಂಡು ತಿರುಗಿದ್ದ. ಹೆಂಡತಿಗೆ ಯಾರೂ ಹೇಳಬೇಡಿ ಎಂದು ಒಂದು ಮಾತು ಸೇರಿಸಲು ಮಾತ್ರ ಮರೆತಿದ್ದ. ವರ್ಷದ ಹತ್ತು ತಿಂಗಳು ಯಾರ ಜೊತೆ ಇರುತ್ತೇವೋ ಅವರೇ ಮನೆಯವರಾಗಿಬಿಡುತ್ತಾರೆ, ಮನೆಯವರಿಗೆ ಸುದ್ದಿ ಕೊನೆಗೆ ಮುಟ್ಟುತ್ತದೆ. ಅವನಿಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು.

"ನಿನ್ನ ಕೇಳಿ ಹೇಳ್ತೀನಿ ಅಂದಿದ್ದೀನಿ. ಇನ್ನೂ ಒಪ್ಪಿಲ್ಲ," ಎಂದ. "ಊಟ ಆದ್ಮೇಲೆ ಕೇಳೋಣ ಅಂತಿದ್ದೆ. ಸಿಟ್ಟು ನನ್ನ ಮೇಲೆ ಇರ್ಲಿ, ಅನ್ನದ ಮೇಲೆ ಬೇಡ."

"ಸಿಟ್ಟಲ್ಲ," ಎಂದಳು ಸತೇಶ್ವರಿ. ಈಗ ಅವನ ಮುಖ ನೋಡಿದಳು. "ಮದುವೆಯಾಗಿ ಬಂದಾಗಿಂದ ಒಬ್ಬಳೇ ಉಂಡಿದ್ದೀನಿ. ಮಕ್ಕಳಿದ್ದಾಗ ಅವರಿಗೆ ಬಡಿಸಿ ಒಬ್ಬಳೇ, ಅವರು ಊರು ಬಿಟ್ಮೇಲೆ ಒಬ್ಬಳೇ. ಇಲ್ಲೀವರೆಗೆ ಬಂದೂ ಒಬ್ಬಳೇ ಉಣ್ಣು ಅಂದ್ರೆ ಹೇಗೆ? ಇಳಿಯೋದೇ ಇಲ್ಲ."

ಮಾತಬರ್ ಸಿಂಗ್ ಬೆಳಿಗ್ಗೆ ಕನ್ನಡಿಯ ಮುಂದೆ ಜೋಡಿಸಿಟ್ಟುಕೊಂಡ ಮಾತುಗಳಲ್ಲಿ ಇದಕ್ಕೆ ಹೊಂದುವುದು ಒಂದೂ ಇರಲಿಲ್ಲ. ಪದ್ಧತಿಯೆಂದು ಕಲೋಗೆರಾಸನ ಮುಂದೆ ಹೆಮ್ಮೆಯಿಂದ ಹೇಳಿದ್ದು ನೆನಪಾಯಿತು. ಎದುರಿನ ಕುರ್ಚಿ ಎಳೆದುಕೊಂಡು ಅದರ ಅಂಚಿಗೆ ಕೂತ. ಅಡುಗೆಯವನ ಊಟ ಯಾವತ್ತೂ ನಿಂತೇ, ಒಲೆಯ ಪಕ್ಕದಲ್ಲಿ, ಒಂದು ಕಣ್ಣು ಪಾತ್ರೆಯ ಮೇಲಿಟ್ಟು ನಾಲ್ಕು ತುತ್ತು. ಈಗ ಮೊಣಕಾಲನ್ನು ಮೇಜಿನ ಕೆಳಗೆ ಎಲ್ಲಿಡಬೇಕೋ ತಿಳಿಯಲಿಲ್ಲ.

"ಹಿಂದಕ್ಕೆ ಸರಿದು ಸರಿಯಾಗಿ ಕೂತ್ಕೊಳ್ಳಿ," ಎಂದಳು.

ಸರಿದು ಕೂತ. ಅವಳು ತನ್ನ ತಟ್ಟೆಯ ಅನ್ನದಲ್ಲಿ ಅರ್ಧವನ್ನು ಮೇಜಿನ ಮೇಲಿದ್ದ ಇನ್ನೊಂದು ಖಾಲಿ ತಟ್ಟೆಗೆ ಹಾಕಿ ಅವನ ಮುಂದಿಟ್ಟಳು. ಹುರುಳಿಯನ್ನು ಎರಡಕ್ಕೂ ಸುರಿದಳು. ರೊಟ್ಟಿಯನ್ನು ಎರಡು ಮಾಡಿದಳು. ಆಮೇಲೆ ಸೆರಗು ಸರಿಮಾಡಿಕೊಂಡು, ಅನ್ನ ಕಲಸಿ, ಅವನಿಗೆ ಕಾಯದೆ ತಾನೇ ಮೊದಲ ತುತ್ತು ಬಾಯಿಗಿಟ್ಟುಕೊಂಡಳು. ಹೂವಿನ ಅಂಗಿಯವನು ದೊಡ್ಡದಾಗಿ ಉಸಿರುಬಿಟ್ಟು ರೊಟ್ಟಿ ಕಚ್ಚಿದ. ಸುತ್ತಲ ಮೇಜುಗಳಲ್ಲಿ ತಟ್ಟೆಗಳ ಸದ್ದು ಶುರುವಾಯಿತು.

ಮಾತಬರ್ ಸಿಂಗನಿಗೆ ಅದೊಂದೂ ಕೇಳಿಸಲಿಲ್ಲ. ಅವಳು ಅಗಿಯುವುದನ್ನೇ ನೋಡುತ್ತಿದ್ದ. ಎಷ್ಟೋ ದೊಡ್ಡ ಮನುಷ್ಯರು ಅವನ ಅಡುಗೆ ರುಚಿ ನೋಡಿ ತೀರ್ಪು ಹೇಳಿದ್ದರು. ಯಾರ ತೀರ್ಪಿಗೂ ಅವನು ಹೀಗೆ ಕಾದಿರಲಿಲ್ಲ.

"ಕಬ್ಬಿಣದ ಬಾಣಲೇಲಿ ಮಾಡ್ಲಿಲ್ಲ," ಎಂದಳು.

"ಇಲ್ಲಿ ಕಬ್ಬಿಣ ಇಡಂಗಿಲ್ಲ. ತುಕ್ಕು ಹಿಡಿಯುತ್ತೆ ಅಂತಾರೆ."

"ಅದಕ್ಕೇ ಬಣ್ಣ ಬಂದಿಲ್ಲ." ಇನ್ನೊಂದು ತುತ್ತು ತಿಂದಳು, ಮತ್ತೊಂದು ತಿಂದಳು. ಆಮೇಲೆ ತಟ್ಟೆ ನೋಡುತ್ತಲೇ ನಿಧಾನವಾಗಿ ಹೇಳಿದಳು. "ಇಷ್ಟು ಚೆನ್ನಾಗಿ ಮಾಡ್ತೀರಿ ಅಂತ ನಂಗೇನು ಗೊತ್ತಿತ್ತು. ಅವರಾದ್ರೂ ಯಾಕೆ ಬಿಟ್ಟಾರು ನಿಮ್ಮನ್ನ."

ಅವಳ ಕಣ್ಣು ತುಂಬಿತ್ತು. ಮೆಚ್ಚಿ ಹೇಳಿದ್ದೇ ಅದು, ಅವಳ ಮಟ್ಟಿಗೆ ಅದಕ್ಕಿಂತ ದೊಡ್ಡ ಮೆಚ್ಚುಗೆ ಇರಲಿಲ್ಲ. ಇವನು ಕಾದಿದ್ದೂ ಅದಕ್ಕೇ. ಈಗ ಕೇಳಿದ್ದರೆ ಹೂಂ ಎಂದೂ ಬಿಡುತ್ತಿದ್ದಳೇನೋ. ಆದರೆ ಅವನಿಗೆ ಕೇಳಲು ನಾಲಿಗೆ ಏಳಲಿಲ್ಲ. ಅವಳನ್ನು ಇಷ್ಟು ಹತ್ತಿರದಿಂದ, ಇಷ್ಟು ಹೊತ್ತು, ಉಣ್ಣುವಾಗ ನೋಡಿದ್ದು ಇದೇ ಮೊದಲು. ಎಡಗಡೆಯ ಹಲ್ಲಿನಲ್ಲಿ ಮಾತ್ರ ಅಗಿಯುತ್ತಿದ್ದಳು. ಬಲಗಡೆಯದು ಯಾವಾಗ ಹೋಯಿತೋ ಅವನಿಗೆ ಗೊತ್ತಿರಲಿಲ್ಲ.

"ಹಲ್ಲು ಯಾವಾಗ ತೆಗೆಸ್ದೆ?"

"ಆಗಲೇ ಎಷ್ಟು ದಿನ ಆಯ್ತು. ನಿಮಗೆ ಫೋನಲ್ಲಿ ಏನಂತ ಹೇಳೋದು," ಎಂದಳು. "ತಿನ್ನಿ, ಆರಿಹೋಗುತ್ತೆ."

ಅವನು ತಿಂದ. ಗಾಜಿನಾಚೆ ತಂದೂರಿನ ಮುಂದೆ ಅವನ ಜಾಗದಲ್ಲಿ ಬೇರೆಯವನು ನಿಂತಿದ್ದ. ಬಡಿದ ರೊಟ್ಟಿ ಸ್ವಲ್ಪ ಸೊಟ್ಟಗಿತ್ತು, ಪರವಾಗಿಲ್ಲ, ಬೆಂದಿತ್ತು. ಅಡುಗೆಮನೆಯ ಬಾಗಿಲಲ್ಲಿ ಎಲ್ವಿನೊ ಕಾಣಿಸಿಕೊಂಡು, ಆರ್ಡರುಗಳು ರಾಶಿ ಬಿದ್ದಿವೆ ಎನ್ನುವಂತೆ ಕೈ ಎತ್ತರಕ್ಕೆ ಹಿಡಿದು ತೋರಿಸಿದ. ಅವನ ಹಿಂದೆ ಕಲೋಗೆರಾಸ್ ಗಡಿಯಾರ ನೋಡಿಕೊಳ್ಳುತ್ತಿದ್ದ. ಸತೇಶ್ವರಿಯೂ ಅದನ್ನು ಕಂಡಳು. ಉಣ್ಣುವುದನ್ನು ನಿಲ್ಲಿಸಿ ಅವನು ಏಳುವುದನ್ನು ಕಾದಳು.

ಮಾತಬರ್ ಸಿಂಗ್ ಬಾಗಿಲ ಕಡೆಗೆ ನೋಡಿ, ಈಗ ಬರುವುದಿಲ್ಲ ಎನ್ನುವಂತೆ ತಲೆ ಅಲ್ಲಾಡಿಸಿದ. ಮತ್ತೆ ತಟ್ಟೆಗೆ ಬಗ್ಗಿ, ಇನ್ನೊಂದು ಚೂರು ಅನ್ನ ಹಾಕು ಎಂದ.

ಹಡಗು ತೀರ ಬಿಟ್ಟು ಆಳದ ನೀರಿಗೆ ಬಂದಿತ್ತು. ನೆಲ ಒಂದು ಕಡೆಗೆ ಮೆಲ್ಲನೆ ವಾಲಿತು. ಲೋಟಗಳಲ್ಲಿ ನೀರು ಓರೆಯಾಯಿತು. ಸತೇಶ್ವರಿ ಬೆಚ್ಚಿ, ಎಡಗೈಯಲ್ಲಿ ಅವನ ಲೋಟವನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಬೀಳಲ್ಲ," ಎಂದ ಅವನು.

ಅವಳು ಬಲಗೈಯಲ್ಲಿ ಅನ್ನ ಬಡಿಸಿದಳು, ಲೋಟ ಬಿಡಲಿಲ್ಲ.