ಮೂಳೆಯೊಳಗೆ ಕರಗುವ ತಿರುಪು

ಯಾರ ಮನೆಯಲ್ಲಾದರೂ ಮೂಳೆ ಮುರಿದರೆ ಬೀದಿಯ ಅರ್ಧ ಜನ ಡಾಕ್ಟರಾಗಿಬಿಡುತ್ತಾರೆ. ಶ್ರೀರಂಗಪಟ್ಟಣದ ಅಕ್ಕಸಾಲಿ ಲಕ್ಷ್ಮಣನ ಮನೆಯಲ್ಲೂ ಹಾಗೇ ಆಯಿತು. ಅವನ ಮಗಳು ಕೀರ್ತನ ಏಳನೇ ಕ್ಲಾಸು. ಕರಿಘಟ್ಟದಿಂದ ಇಳಿಯುವಾಗ ಬಿದ್ದು, ಪಾದದ ಗಂಟಿನ ಮೂಳೆ ಮುರಿದು ಜರುಗಿತ್ತು. ಒಬ್ಬರು ನಾಟಿ ಮೊಟ್ಟೆ ಹಚ್ಚಿ ಬಿಗಿಯಾಗಿ ಕಟ್ಟಿ ಎಂದರು. ಇನ್ನೊಬ್ಬರು ಕೆ.ಆರ್. ಪೇಟೆ ಕಡೆ ಮುರಿದ ಮೂಳೆಗೆ ಪಟ್ಟು ಕಟ್ಟುವ ನಾಟಿ ವೈದ್ಯರಿದ್ದಾರೆ ಎಂದರು. ಲಕ್ಷ್ಮಣ ಯಾರ ಮಾತನ್ನೂ ಕೇಳದೆ ಮಗಳನ್ನು ಮೈಸೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದ. ಅಲ್ಲಿಯವರೆಗೆ ಅವನು ಮಾಡಿದ್ದೆಲ್ಲ ಸರಿಯಾಗಿಯೇ ಇತ್ತು.

ಮೂಳೆ ಡಾಕ್ಟರು ಸಂಘಮಿತ್ರಾ ಎಕ್ಸ್‌ರೇ ಹಿಡಿದು ತೋರಿಸಿದರು.

"ಜರುಗಿರೋ ತುಂಡನ್ನ ಜಾಗಕ್ಕೆ ಕೂರಿಸಿ ತಿರುಪು ಹಾಕಬೇಕು. ಸ್ಟೀಲ್ ಹಾಕಿದರೆ, ಅದನ್ನ ತೆಗೆಯೋಕೆ ಇನ್ನೊಂದು ಆಪರೇಷನ್ ಬೇಕಾಗಬಹುದು. ಈಗ ಮೆಗ್ನೀಷಿಯಂ ಅನ್ನೋ ಲೋಹದ ತಿರುಪು ಬಂದಿದೆ. ಮೂಳೆ ಕೂಡೋವರೆಗೂ ಹಿಡಿದುಕೊಂಡಿರುತ್ತೆ, ಆಮೇಲೆ ನಿಧಾನವಾಗಿ ಕರಗುತ್ತೆ. ಇವಳ ಮುರಿತಕ್ಕೆ ಅದು ಹೊಂದುತ್ತೆ. ಆದರೆ ಈ ವಾರದೊಳಗೇ ಆಗಬೇಕು. ತಡವಾದರೆ ಮೂಳೆ ಸೊಟ್ಟಗೆ ಅಂಟಿಕೊಂಡು ನಡಿಗೆ ಕೆಡುತ್ತೆ."

ಮೇಜಿನ ಮೇಲೆ ತೋರಿಸಲೆಂದೇ ಇಟ್ಟ ಅಂಥದೊಂದು ತಿರುಪಿತ್ತು. ಲಕ್ಷ್ಮಣ ಅದನ್ನು ಕೇಳಿ ಪಡೆದ. ಒರೆಗೆ ಹಚ್ಚದೆ ಲೋಹವನ್ನು ನಂಬಿದ್ದು ಅವನ ವಂಶದಲ್ಲೇ ಇರಲಿಲ್ಲ. ಗಿರಾಕಿ ದೇವರ ಮೇಲೆ ಆಣೆ ಇಟ್ಟರೂ ಅವನು ಮೊದಲು ಕೈ ಹಾಕುತ್ತಿದ್ದುದು ಒರೆಗಲ್ಲಿಗೆ.

ಅಂಗಡಿಗೆ ಬಂದು ತಿರುಪನ್ನು ಪಿಂಗಾಣಿ ಬಟ್ಟಲಿಗೆ ಹಾಕಿ ಆಸಿಡ್ ಬಿಟ್ಟ. ಅದು ಬುಸುಗುಟ್ಟಿ, ನೊರೆ ಎದ್ದು, ನೋಡನೋಡುತ್ತಲೇ ಇಲ್ಲವಾಯಿತು. ಅವನ ಕಸುಬಿನಲ್ಲಿ ಆಸಿಡ್‌ಗೆ ಹೆದರದೆ ಉಳಿಯುವುದು ಚಿನ್ನ. ಕರಗಿ ಹೋಗುವುದು ಕಳ್ಳ ಮಾಲು.

"ಅಮ್ಮೋ, ಇಂಥ ಕಚಡಾನ ನಮ್ ಮಗೀನ ಕಾಲಿಗೆ ಹಾಕ್ತಾರಂತೆ," ಎಂದು ತಾಯಿ ವರಲಕ್ಷ್ಮಮ್ಮನಿಗೆ ಹೇಳಿದ. "ನಾನೇ ಚಿನ್ನದ್ದು ಮಾಡ್ಕೊಡ್ತೀನಿ. ಅದ್ನೇ ಹಾಕ್ಲಿ."

ಮಾಡಲು ಕೂತೇಬಿಟ್ಟ. ಓಲೆಯ ತಿರುಪು ಮಾಡಿ ಪಳಗಿದ ಕೈ. ಆದರೂ ಇಷ್ಟುದ್ದದ ಕಂಬಿಗೆ ಸುತ್ತು ಕೊರೆಯುವುದು ಸುಲಭವಾಗಿರಲಿಲ್ಲ. ಎರಡು ಸಲ ಕೆಡಿಸಿ ಮತ್ತೆ ಕರಗಿಸಿದ. ಆಸ್ಪತ್ರೆಯಿಂದ ಫೋನು ಬಂದಾಗ, "ತತ್ತಾ ಇವ್ನಿ, ಇನ್ನೇನು ಆಗೋಯ್ತು," ಎಂದ. ಆಮೇಲಾಮೇಲೆ ಫೋನು ಎತ್ತುವುದನ್ನೂ ಬಿಟ್ಟ. ಡಾಕ್ಟರು ಹೇಳಿದ ವಾರ ಕಳೆಯಿತು. ಕೀರ್ತನ ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಪಟ್ಟಿ ಕಟ್ಟಿ ಕಳಿಸಿದ್ದ ಕಾಲನ್ನು ದಿಂಬಿನ ಮೇಲಿಟ್ಟುಕೊಂಡು ಒಳಗೆ ಮಲಗಿದ್ದಳು.

ಎದುರು ಮನೆಯ ಆಟೋ ಗಫಾರ್ ಅಂಗಡಿಯೊಳಗೆ ಇಣುಕಿದ. "ಏನ್ಲಾ ಲಕ್ಷ್ಮಣ, ಈಪಾಟಿ ತಿರುಪು? ಯಾವ ಆನೆ ಕಿವೀಗ್ಲಾ?"

"ಕೀರ್ತನನ ಕಾಲಿಗೆ."

ಗಫಾರ್ ನಗಲಿಲ್ಲ. "ತೌಬಾ. ಇನ್ನೂ ಆಪರೇಷನ್ ಮಾಡ್ಸಿಲ್ವಾ ನೀನು?" ಎಂದವನೇ ಹೋಗಿ ಮಗಳನ್ನು ಕರೆತಂದ. ಅವನ ಮಗಳು ಶಬ್ರೀನ್ ಫಿಸಿಯೋಥೆರಪಿ ಓದಿ ಮಂಡ್ಯಕ್ಕೆ ದಿನಾ ಕೆಲಸಕ್ಕೆ ಹೋಗಿಬರುತ್ತಿದ್ದಳು. ಮುರಿದು ಕೂಡಿದ ಕೈಕಾಲುಗಳನ್ನು ಮತ್ತೆ ಆಡಿಸುವುದೇ ಅವಳ ಕೆಲಸ.

"ಅಂಕಲ್, ಚಿನ್ನ ಮೆತ್ತಗಿರ್ತದಲ್ವಾ? ಮೈ ಭಾರ ಬಿದ್ರೆ ಬಗ್ಗಲ್ವಾ?" ಎಂದಳು ಶಬ್ರೀನ್.

"ತಾಮ್ರ ಸೇರಿಸ್ತೀನಿ ಕಣವ್ವ."

"ತಾಮ್ರ ಸೇರ್ಸಿದ್ದು ಮೈಯೊಳಗೆ ಏನ್ ಮಾಡ್ತದೆ? ಪರೀಕ್ಷೆ ಮಾಡಿದೋರು ಯಾರು?"

ಲಕ್ಷ್ಮಣನ ಕೈ ನಿಂತಿತು. ಈ ಪ್ರಶ್ನೆಯನ್ನು ಅವನು ಬೇರೆಯವರಿಗೆ ಕೇಳಿ ಗೊತ್ತೇ ಹೊರತು ಅವನನ್ನು ಯಾರೂ ಕೇಳಿರಲಿಲ್ಲ.

"ಡಾಕ್ಟ್ರು ಕೊಟ್ಟಿದ್ದಾದ್ರೂ ಅಷ್ಟೇ ಅಲ್ವಾ? ನನ್ ಕಣ್ಮುಂದೇನೇ ಕರಗೋಯ್ತು."

"ಎಲ್ಲಿ ಹಾಕಿದ್ರಿ ಅದನ್ನ?"

"ಆಸಿಡ್ನಾಗೆ."

"ಕೀರ್ತನನ ಕಾಲೊಳಗೆ ನಿಮ್ ಅಂಗ್ಡಿ ಆಸಿಡ್ ಐತಾ ಅಂಕಲ್? ಮೈಯೊಳಗೆ ಅದು ಕರಗೋಕೆ ತಿಂಗಳುಗಟ್ಟಲೆ ಬೇಕು. ಅಷ್ಟೊತ್ತಿಗೆ ಮೂಳೆ ಕೂಡಿರ್ತದೆ. ಮೊದ್ಲು ಲ್ಯಾಬಲ್ಲಿ, ಆಮೇಲೆ ಪ್ರಾಣಿಗಳಲ್ಲಿ, ಆಮೇಲೆ ಒಪ್ಪಿ ಸಹಿ ಹಾಕಿದ ರೋಗಿಗಳಲ್ಲಿ ಹಾಕಿ ನೋಡವ್ರೆ. ಅದೂ ಒರೆಗೆ ಹಚ್ಚೋದೇ."

"ಕರಗಿದ್ದು ಎಲ್ಲಿಗೆ ಹೋಯ್ತದೆ?"

"ಆ ಲೋಹ ನಮ್ ಮೂಳೇಲಿ ಮೊದ್ಲೇ ಐತೆ. ನೀವು ತಿನ್ನೋ ರಾಗಿ ಮುದ್ದೇಲೂ ಐತೆ. ಮೈಗೆ ಬೇಕಾದ್ದು ಉಳ್ಕೊಂಡು ಮಿಕ್ಕಿದ್ದು ಮೂತ್ರದಲ್ಲಿ ಹೋಯ್ತದೆ. ಕರಗೋವಾಗ ಒಂದಿಷ್ಟು ಗಾಳಿಗುಳ್ಳೆ ಬರಬಹುದು. ಅದಕ್ಕೇ ಆಗಾಗ ಎಕ್ಸ್‌ರೇ ತೆಗೆಯೋದು."

ಬಾಗಿಲಲ್ಲಿ ಕೂತಿದ್ದ ವರಲಕ್ಷ್ಮಮ್ಮ ಬಾಯಿ ಬಿಟ್ಟರು. "ಆವತ್ತು ನಿನ್ನ ಹೊಟ್ಟೆ ಕುಯ್ದು ಅಪೆಂಡಿಕ್ಸು ತೆಗೆದ್ರು ಕಣ್ಲಾ. ಒಳಗಡೆ ಹೊಲಿಗೆ ಹಾಕಿದ್ರು. ಆ ದಾರ ಎಲ್ಲೋಯ್ತು ಅಂತ ಒಂದಿನಾರ ಕೇಳಿದ್ದೀಯಾ?"

"ಇಲ್ಲ."

"ಕರಗೋಗ್ಲಿ ಅಂತ್ಲೇ ಹಾಕಿದ್ದು."

ಒಳಗಿನಿಂದ ಕೀರ್ತನಳ ದನಿ ಬಂತು. "ಅಪ್ಪಾ, ಚಿನ್ನದ್ದು ಬ್ಯಾಡ. ಸ್ಕೂಲಲ್ಲಿ ನನ್ ಕಾಲ್ನೇ ಕದ್ಕೊಂಡೋಗ್ತಾರೆ."

ಗಫಾರ್ ಈಗ ನಕ್ಕ. ಲಕ್ಷ್ಮಣ ನಗಲಿಲ್ಲ. "ಮುರಿದೋರಿಗೆಲ್ಲ ಇದ್ನೇ ಹಾಕ್ತಾರಾ?" ಎಂದು ಶಬ್ರೀನಳನ್ನು ಕೇಳಿದ.

"ಇಲ್ಲ. ತೊಡೆಯಂಥ ದೊಡ್ಡ ಮೂಳೆಗೆ ಸ್ಟೀಲು, ಟೈಟಾನಿಯಮ್ಮೇ ಹಾಕೋದು. ಇದು ಎಲ್ಲಾ ಆಸ್ಪತ್ರೇಲೂ ಸಿಗೋದೂ ಇಲ್ಲ."

"ಬೆಳೆಯೋ ಮೂಳೆಗೆ ಇದ್ರಿಂದ ತೊಂದ್ರೆ ಆಗಲ್ವಾ?"

"ಅದು ನಂಗೆ ಗೊತ್ತಿಲ್ಲ. ಡಾಕ್ಟ್ರನ್ನೇ ಕೇಳಿ. ಆದ್ರೆ ಇಲ್ಲಿ ಕೂತ್ಕೊಂಡು ಕೇಳ್ಬೇಡಿ ಅಂಕಲ್, ನಮ್ ಅಬ್ಬಾನ ಆಟೋ ಹತ್ತಿ ಹೋಗಿ ಕೇಳಿ."

ಅವತ್ತೇ ಮಗಳನ್ನು ಕರೆದುಕೊಂಡು ಆಸ್ಪತ್ರೆಗೆ ಹೋದ. ಡಾಕ್ಟರು ಬಯ್ಯಲಿಲ್ಲ. ಹೊಸ ಎಕ್ಸ್‌ರೇಯಲ್ಲಿ ಮುರಿದ ಕಡೆ ಎಳೆ ಮೂಳೆ ಬೆಳೆಯತೊಡಗಿದ್ದು ಕಾಣಿಸಿತು, ಅದೂ ತಪ್ಪು ಜಾಗದಲ್ಲಿ. ಲಕ್ಷ್ಮಣ ತನ್ನ ಅನುಮಾನವನ್ನೆಲ್ಲ ಕೇಳಿದ. ಡಾಕ್ಟರು ಒಂದೊಂದಕ್ಕೂ ಉತ್ತರ ಕೊಟ್ಟರು. ತಿರುಪನ್ನು ಮೂಳೆ ಬೆಳೆಯುವ ಪದರಕ್ಕೆ ತಾಗದಂತೆ ಹಾಕುತ್ತೇವೆ ಎಂದು ಚಿತ್ರ ಬರೆದು ತೋರಿಸಿದರು. ಅವನು ಒಪ್ಪಿ ಸಹಿ ಮಾಡಿದ. ಅಂಟಿದ್ದನ್ನು ಬಿಡಿಸಿ, ತುಂಡನ್ನು ಮತ್ತೆ ಜಾಗಕ್ಕೆ ತರಬೇಕಾದ್ದರಿಂದ ಆಪರೇಷನ್ ಹೆಚ್ಚು ಹೊತ್ತು ಹಿಡಿಯಿತು.

ಮೂಳೆ ಕೂಡಿತು. ಮುಂದಿನ ವರ್ಷದ ಎಕ್ಸ್‌ರೇಯಲ್ಲಿ ತಿರುಪಿನ ಗುರುತು ಮಸುಕಾಗಿತ್ತು. ಕೀರ್ತನ ಸ್ಕೂಲಿಗೆ ನಡೆದೇ ಹೋಗುತ್ತಿದ್ದಳು. ಕುಕ್ಕರಗಾಲಲ್ಲಿ ಕೂರಲು ಮಾತ್ರ ಆಗುತ್ತಿರಲಿಲ್ಲ. ಅರ್ಧಕ್ಕೇ ಹಿಮ್ಮಡಿ ಮೇಲೇಳುತ್ತಿತ್ತು.

"ಹೇಳಿದ ವಾರವೇ ಬಂದಿದ್ರೆ?" ಎಂದು ಲಕ್ಷ್ಮಣ ಕೇಳಿದ.

"ಇಷ್ಟು ಬಿಗಿ ಇರ್ತಿರಲಿಲ್ಲ. ವ್ಯಾಯಾಮ ಬಿಡಬೇಡಿ, ಸಡಿಲ ಆಗುತ್ತೆ," ಎಂದರು ಡಾಕ್ಟರು.

ಈಗ ಸಂಜೆ ಅಂಗಡಿ ಮುಚ್ಚಿದ ಮೇಲೆ ಅವನು ಶಬ್ರೀನ್ ಹೇಳಿಕೊಟ್ಟಂತೆ ಮಗಳ ಹಿಮ್ಮಡಿ ಹಿಡಿದು, ಪಾದವನ್ನು ಮೆಲ್ಲಗೆ ಮೇಲಕ್ಕೆ ಒತ್ತುತ್ತಾನೆ. ಅವಳು "ಸಾಕು" ಎನ್ನುವ ಕಡೆ ನಿಲ್ಲಿಸುತ್ತಾನೆ.

ಇದನ್ನು ಓದುತ್ತಿರುವ, ಕೇಳುತ್ತಿರುವ ನಿಮ್ಮ ಮನೆಯಲ್ಲೂ ಯಾರಾದರೂ ಬಿದ್ದು ಮೂಳೆ ಮುರಿದರೆ ಉಜ್ಜಬೇಡಿ, ಬಿಗಿದು ಕಟ್ಟಬೇಡಿ. ಅಲುಗದಂತೆ ಆಸರೆ ಕೊಟ್ಟು ಆಸ್ಪತ್ರೆಗೆ ಕರೆದೊಯ್ಯಿರಿ. ಮೈಯೊಳಗೆ ಹಾಕುವ ವಸ್ತು ಹೊಸದಾಗಿದ್ದರೆ ಧೈರ್ಯವಾಗಿ ಕೇಳಿ: ಇದು ಯಾವುದರಿಂದ ಮಾಡಿದ್ದು, ಇದರ ಪರೀಕ್ಷೆ ಮುಗಿದಿದೆಯೇ, ನಮಗೆ ಹೊಂದುತ್ತದೆಯೇ, ಮತ್ತೆ ತೆಗೆಯಬೇಕೇ. ಉತ್ತರ ಪಡೆಯುವುದು ನಿಮ್ಮ ಹಕ್ಕು. ಒಪ್ಪಿಗೆಯಾಗದಿದ್ದರೆ ಇನ್ನೊಬ್ಬ ಡಾಕ್ಟರನ್ನು ಕೇಳಿ. ಆದರೆ ಅವತ್ತೇ ಕೇಳಿ. ಅನುಮಾನ ಎಷ್ಟು ಬೇಕಾದರೂ ಪಡಿ. ನೀವು ತೀರ್ಮಾನಿಸುವವರೆಗೂ ಮೂಳೆ ಕಾಯುವುದಿಲ್ಲ.